ಕಾರ್ ಪಾರ್ಕಿಂಗ್‌ಗೆ ಶಟರ್, ಸೆಕ್ಷನಲ್ ಡೋರ್, ಸ್ಲೈಡಿಂಗ್ ಗೇಟ್: ಯಾವುದು ಕೂರುತ್ತದೆ ಎಂದು ಅಳೆದು ತಿಳಿಯುವ ಬಗೆ

ಬಾಗಿಲಿಗೆ ದರ ಕೇಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಎರಡೇ ಮಾತು: ಅಗಲ ಎಷ್ಟು, ಎತ್ತರ ಎಷ್ಟು? ಹತ್ತು ಅಡಿ, ಎಂಟು ಅಡಿ ಎಂದರೆ ಚದರಡಿ ಲೆಕ್ಕದಲ್ಲಿ ದರವೂ ಬಂದುಬಿಡುತ್ತದೆ. ಆ ಜಾಗದಲ್ಲಿ ಯಾವ ಬಗೆಯ ಬಾಗಿಲು ಕೂರುತ್ತದೆ ಎಂಬುದು ಮಾತ್ರ ಈ ಎರಡು ಅಂಕಿಗಳಲ್ಲಿ ಸಿಗದು. ಅದನ್ನು ತೀರ್ಮಾನಿಸುವುದು ಓಪನಿಂಗಿನ ಸುತ್ತ ಉಳಿದ ಜಾಗ: ಬೀಮಿನ ಕೆಳಭಾಗದಿಂದ ಸೀಲಿಂಗಿಗೆ ಎಷ್ಟಿದೆ, ಎರಡೂ ಪಕ್ಕ ಗೋಡೆ ಎಷ್ಟಿದೆ, ಒಳಗೆ ಎಷ್ಟು ಉದ್ದ ಅಡೆತಡೆಯಿಲ್ಲ, ನೆಲ ಯಾವ ಕಡೆ ಇಳಿದಿದೆ. ಇವುಗಳಲ್ಲಿ ಎಲ್ಲಿ ಕೊರತೆಯಿದೆಯೋ ಅಲ್ಲಿಂದಲೇ ಆಯ್ಕೆ ಶುರುವಾಗಬೇಕು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಬೆಂಗಳೂರು, ಮೈಸೂರುಗಳಲ್ಲಿ ಎಲ್ಲೆಲ್ಲೂ ಕಾಣುವ 30×40 ಸೈಟಿನ ಮನೆ. ನೆಲಮಹಡಿಯಲ್ಲಿ ಹತ್ತಡಿ ಅಗಲ, ಹದಿನೆಂಟಡಿ ಉದ್ದದ ಕಾರ್ ಪಾರ್ಕಿಂಗ್, ಎರಡು ಆರ್‌ಸಿಸಿ ಕಂಬಗಳ ನಡುವೆ ಓಪನಿಂಗ್, ಮೇಲೆ ಬೀಮ್. ಇಂಟರ್ನೆಟ್ಟಿನಲ್ಲಿ ಸಿಗುವ ಅಮೆರಿಕದ ಅಳತೆಯ ವಿಡಿಯೊಗಳನ್ನು ನಂಬಿ ಈ ಮನೆಗೆ ಆರ್ಡರ್ ಕೊಡಬೇಡಿ. ಅಲ್ಲಿ ಓಪನಿಂಗಿಗೆ ಮರದ ಚೌಕಟ್ಟು ಇರುತ್ತದೆ, 9×7 ಅಡಿ, 16×7 ಅಡಿ ಎಂಬ ಸಿದ್ಧ ಅಳತೆಗಳಿವೆ, ಓಪನಿಂಗ್ ಎಷ್ಟೋ ಬಾಗಿಲೂ ಅಷ್ಟೇ ಎಂಬುದು ನಿಯಮ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಆ ನಿಯಮ ಸಾಕು. ನಮ್ಮಲ್ಲಿ ಓಪನಿಂಗ್ ಮೇಸ್ತ್ರಿಯ ಕೈಯಳತೆಯಲ್ಲಿ ಹುಟ್ಟಿ, ಪ್ಲಾಸ್ಟರಿಂಗ್ ಮತ್ತು ಟೈಲ್ಸ್ ಕೆಲಸದಲ್ಲಿ ಬದಲಾಗುತ್ತದೆ.

ಅಳೆಯುವುದು ಯಾವಾಗ, ಹೇಗೆ

ಬರಿ ಕಾಂಕ್ರೀಟ್ ಕಾಣುವಾಗ ತೆಗೆದ ಅಳತೆಯಿಂದ ದರ ಕೇಳಬಹುದು, ಆರ್ಡರ್ ಕೊಡಬಾರದು. ಕಂಬಕ್ಕೆ ಹೊಡೆಯುವ ಪ್ಲಾಸ್ಟರ್ ಬದಿಗೆ 12ರಿಂದ 20 ಮಿ.ಮೀ. ತಿನ್ನುತ್ತದೆ. ಎರಡು ಬದಿ ಸೇರಿದರೆ ಒಂದರಿಂದ ಒಂದೂವರೆ ಇಂಚು ಹೋಯಿತು. ಕಂಬಕ್ಕೆ ಕಲ್ಲಿನ ಕ್ಲ್ಯಾಡಿಂಗ್ ಮಾಡಿಸುವ ಯೋಚನೆಯಿದ್ದರೆ ಇನ್ನೂ ಹೆಚ್ಚು. ನೆಲದ ಕತೆ ಇದಕ್ಕಿಂತ ದೊಡ್ಡದು: ಪಾರ್ಕಿಂಗ್ ಟೈಲ್ಸ್ ಮತ್ತು ಅದರ ಕೆಳಗಿನ ಗಾರೆ ಸೇರಿ ನೆಲ 60–75 ಮಿ.ಮೀ. ಮೇಲೆ ಬರುತ್ತದೆ. ಟೈಲ್ಸ್ ಹಾಕುವ ಮೊದಲೇ ಮಾಡಿಸಿದ ಗೇಟಿನ ಕೆಳಗಿನ ಪಟ್ಟಿಯನ್ನು ಆಮೇಲೆ ಕೊಯ್ಯುವುದು ಎಷ್ಟೋ ಮನೆಗಳಲ್ಲಿ ನಡೆಯುವ ಕೆಲಸ. ಕಬ್ಬಿಣದ ಗೇಟಾದರೆ ಕೊಯ್ದು ವೆಲ್ಡ್ ಮಾಡಬಹುದು, ಅಡ್ಡ ಪ್ಯಾನೆಲುಗಳು ಏರಿ ಸೀಲಿಂಗಿನ ಕೆಳಗೆ ಮಲಗುವ ಸೆಕ್ಷನಲ್ ಡೋರಿನ ಪ್ಯಾನೆಲನ್ನು ಹಾಗೆ ಮಾಡಲಾಗದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಐದು ಮೀಟರಿನ ಸ್ಟೀಲ್ ಟೇಪು, ತೂಗುಗುಂಡು, ರಸಮಟ್ಟ ಅಥವಾ ನೀರು ತುಂಬಿದ ಪಾರದರ್ಶಕ ಟ್ಯೂಬು, ಎಂಟಡಿಯ ನೇರವಾದ ಅಲ್ಯೂಮಿನಿಯಂ ಚೌಕ ಪೈಪು, ಪೆನ್ಸಿಲು, ಜೊತೆಗೆ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು.

ಅಗಲವನ್ನು ಮೂರು ಕಡೆ ಅಳೆಯಿರಿ: ನೆಲದ ಹತ್ತಿರ, ನಡುವೆ, ಬೀಮಿನ ಕೆಳಗೆ. ಎತ್ತರವನ್ನೂ ಎಡ, ನಡು, ಬಲ ಎಂದು ಮೂರು ಕಡೆ. ಗೋಡೆಯಿಂದ ಗೋಡೆಗೆ ಅಳೆಯುವಾಗ ಟೇಪನ್ನು ಮೂಲೆಯಲ್ಲಿ ಮಡಚಿ ಅಂದಾಜಿನಲ್ಲಿ ಓದಿದರೆ 3–5 ಮಿ.ಮೀ. ತಪ್ಪುತ್ತದೆ. ನೆಲದ ನಡುವೆ ಒಂದು ಗೀಟು ಎಳೆದು, ಎರಡೂ ಗೋಡೆಯಿಂದ ಆ ಗೀಟಿಗೆ ಬೇರೆಬೇರೆ ಅಳೆದು ಕೂಡಿಸಿ. ಕಂಬಗಳ ನಡುವೆ ಕೂರುವ ಬಾಗಿಲಿಗೆ ಮೂರು ಅಗಲಗಳಲ್ಲಿ ಚಿಕ್ಕದೇ ಲೆಕ್ಕ. ಗೋಡೆಯ ಒಳಮೈಗೆ ಕೂತು ಓಪನಿಂಗನ್ನು ಹಿಂದಿನಿಂದ ಮುಚ್ಚುವ ಬಾಗಿಲಿಗೆ ದೊಡ್ಡದು ಲೆಕ್ಕ, ಇಲ್ಲವಾದರೆ ಮುಚ್ಚಿದ ಮೇಲೂ ಒಂದು ಬದಿಯಲ್ಲಿ ಸಂದು ಕಾಣುತ್ತದೆ.

ಆಮೇಲೆ ಎರಡು ಕರ್ಣ. 3000 ಮಿ.ಮೀ. ಅಗಲ, 2400 ಎತ್ತರದ ಸರಿಯಾದ ಓಪನಿಂಗಿನಲ್ಲಿ ಎರಡೂ ಕರ್ಣ 3842 ಬರಬೇಕು. ಎರಡೂ ಕಂಬ ಒಂದೇ ಕಡೆಗೆ 25 ಮಿ.ಮೀ. ವಾಲಿದ್ದರೆ ಕರ್ಣಗಳಲ್ಲಿ ಸುಮಾರು 39 ಮಿ.ಮೀ. ವ್ಯತ್ಯಾಸ ಬರುತ್ತದೆ, ಅಂದರೆ ಕಣ್ಣಿಗೆ ಕಾಣದ ವಾಲು ಇಲ್ಲಿ ಸಿಕ್ಕಿಬೀಳುತ್ತದೆ. ಹತ್ತು ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ, ಇಪ್ಪತ್ತು ದಾಟಿದರೆ ಪ್ಲಾಸ್ಟರಿನಲ್ಲಿ ಸರಿಮಾಡಿಸಿ, ಆಮೇಲೆ ಮತ್ತೆ ಅಳೆಯಿರಿ. ಆದರೆ ಕರ್ಣ ಸಮ ಬಂತೆಂದು ಅಷ್ಟಕ್ಕೇ ಬಿಡುವಂತಿಲ್ಲ. ಎರಡು ಕಂಬಗಳೂ ಮೇಲ್ಗಡೆ ಸಮನಾಗಿ ಒಳಕ್ಕೆ ಬಾಗಿದ್ದರೂ ಕರ್ಣಗಳು ಸಮವೇ ಇರುತ್ತವೆ. ಅದನ್ನು ಹಿಡಿಯುವುದು ಮೂರು ಕಡೆಯ ಅಗಲ ಮತ್ತು ತೂಗುಗುಂಡು.

ನೆಲಕ್ಕೆ ಟ್ಯೂಬು ಲೆವೆಲ್ ಹಿಡಿದು ಎರಡೂ ಕಂಬದ ಮೇಲೆ ಒಂದೇ ಮಟ್ಟದಲ್ಲಿ ಗುರುತು ಮಾಡಿ, ಆ ಗುರುತಿನಿಂದ ಕೆಳಕ್ಕೆ ಅಳೆಯಿರಿ. ನೀರು ಹರಿಯಲೆಂದು ಕೊಟ್ಟ ಇಳಿಜಾರು ಒಳಗಿನಿಂದ ರಸ್ತೆಯ ಕಡೆಗಿದ್ದರೆ ತೊಂದರೆಯಿಲ್ಲ. ಎಡಕಂಬದಿಂದ ಬಲಕಂಬಕ್ಕೆ ಇಳಿದಿದ್ದರೆ ಶಟರಿನ ಕೆಳತುದಿ ಒಂದು ಕಡೆ ನೆಲ ಮುಟ್ಟಿ, ಇನ್ನೊಂದು ಕಡೆ ಇಲಿ ನುಗ್ಗುವಷ್ಟು ಸಂದು ಬಿಡುತ್ತದೆ. ಹೀಗಿರುವಲ್ಲಿ ಬಾಗಿಲು ಕೂರುವ ಗೆರೆಯಲ್ಲಿ ಆರು ಇಂಚು ಅಗಲದ ಗ್ರಾನೈಟ್ ಪಟ್ಟಿಯನ್ನು ಮಟ್ಟವಾಗಿ ಹಾಕಿಸುವುದು ಉಳಿದೆಲ್ಲ ಉಪಾಯಗಳಿಗಿಂತ ಅಗ್ಗ.

ಅಳತೆ ಬರೆಯುವ ಬಗೆಯಲ್ಲೂ ದುಡ್ಡು ಹೋಗುತ್ತದೆ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಇಂಚು ಮತ್ತು ನೂಲಿನ ಲೆಕ್ಕ ನಡೆಯುತ್ತದೆ, ಒಂದು ಇಂಚಿಗೆ ಎಂಟು ನೂಲು. ಕಂಪನಿಯ ಬಾಗಿಲಿಗೆ ಮಿ.ಮೀ. ಬೇಕು. ಒಂಬತ್ತು ಅಡಿ ಹತ್ತು ಇಂಚನ್ನು ಚೀಟಿಯಲ್ಲಿ 9.10 ಎಂದು ಬರೆದು ಕಳಿಸಿದರೆ ಆ ಕಡೆಯವರು ದಶಮಾಂಶ ಎಂದು ಓದಿ 2774 ಮಿ.ಮೀ. ಮಾಡುತ್ತಾರೆ. ನಿಜವಾದ ಅಳತೆ 2997. ಇಪ್ಪತ್ತೆರಡು ಸೆಂ.ಮೀ. ಕಡಿಮೆಯ ಬಾಗಿಲು ಬಂದು ಇಳಿಯುತ್ತದೆ. ಎಲ್ಲವನ್ನೂ ಮಿ.ಮೀ.ನಲ್ಲಿ ಬರೆದುಬಿಡಿ.

ಕಾರಿಗೆ ಎಷ್ಟು ಬೇಕು

ಈಗಿನ ಕಾರಿಗಲ್ಲ, ಮುಂದಿನ ಕಾರಿಗೆ ಲೆಕ್ಕ ಹಾಕಿ. ಸ್ವಿಫ್ಟ್ ಅಗಲ 1735 ಮಿ.ಮೀ., ಇನ್ನೋವಾ ಕ್ರಿಸ್ಟಾ 1830, ಸ್ಕಾರ್ಪಿಯೋ-ಎನ್ 1917. ಇವೆಲ್ಲ ಕನ್ನಡಿ ಬಿಟ್ಟ ಅಳತೆ; ಕನ್ನಡಿ ತೆರೆದರೆ ಇನ್ನೂ 20 ಸೆಂ.ಮೀ. ಆಸುಪಾಸು ಸೇರುತ್ತದೆ. ನೇರವಾಗಿ ನುಗ್ಗುವ ಜಾಗವಿದ್ದರೆ ಒಂಬತ್ತಡಿ ಅಗಲ ನಡೆಯುತ್ತದೆ. ಇಪ್ಪತ್ತಡಿಯ ರಸ್ತೆ, ಎದುರು ಮನೆಯವರ ಕಾರು ಬೀದಿಯಲ್ಲೇ ನಿಂತಿರುತ್ತದೆ ಎನ್ನುವ ಕಡೆ ತಿರುಗಿಸಿಕೊಂಡು ಒಳಗೆ ಬರಬೇಕು. ಅಲ್ಲಿ ಹತ್ತಡಿಯಲ್ಲಿ ಒಂದು ಇಂಚನ್ನೂ ಬಾಗಿಲಿಗೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಎತ್ತರದಲ್ಲಿ ಸ್ಕಾರ್ಪಿಯೋ-ಎನ್ 1857 ಮಿ.ಮೀ. ಇದೆ. ಮೇಲೆ ಕ್ಯಾರಿಯರ್ ಹಾಕಿದರೆ ಬೇರೆ ಲೆಕ್ಕ. ರ್‍ಯಾಂಪ್ ಏರುವಾಗ ಕಾರು ಓರೆಯಾಗಿ ಅದರ ಛಾವಣಿಯ ಒಂದು ತುದಿ ಬೀಮಿಗೆ ಇನ್ನಷ್ಟು ಹತ್ತಿರ ಬರುತ್ತದೆ ಎಂಬುದನ್ನೂ ಮರೆಯಬಾರದು.

ರೋಲಿಂಗ್ ಶಟರ್: ಒಳಗಿನ ಉದ್ದ ಕೇಳುವುದಿಲ್ಲ, ಮೇಲಿನ ಜಾಗ ಕೇಳುತ್ತದೆ

ಮೂರರಲ್ಲಿ ಸಾಮಾನ್ಯವಾಗಿ ಅಗ್ಗವಾದದ್ದು ಇದು, ರಿಪೇರಿಗೆ ಪ್ರತಿ ಊರಲ್ಲೂ ಜನ ಸಿಗುತ್ತಾರೆ. ಪಟ್ಟಿಗಳ ಪರದೆ ಮೇಲೆ ಸುತ್ತಿಕೊಳ್ಳುತ್ತದೆ. ಎಂಟಡಿ ಎತ್ತರದ ಶಟರ್ ಸುತ್ತಿಕೊಂಡಾಗ, ಸುರುಳಿಯನ್ನು ಮುಚ್ಚುವ ಹುಡ್ ಕವರ್ ಸೇರಿ 375–450 ಮಿ.ಮೀ. ಜಾಗ ಬೇಕು. ಈ ಸುರುಳಿ ಎಲ್ಲಿ ಕೂರುತ್ತದೆ ಎಂಬುದೇ ಇಲ್ಲಿನ ದೊಡ್ಡ ಪ್ರಶ್ನೆ.

ಬೀಮಿನ ಹಿಂದೆ, ಗೋಡೆಯ ಒಳಮೈಗೆ ಕೂರಿಸಿದರೆ ಓಪನಿಂಗ್ ಪೂರ್ತಿ ಉಳಿಯುತ್ತದೆ. ಅದಕ್ಕೆ ಬೀಮಿನ ಕೆಳಭಾಗದಿಂದ ಸೀಲಿಂಗಿಗೆ ಆ 375–450 ಇರಬೇಕು, ಎರಡೂ ಪಕ್ಕ ಕನಿಷ್ಠ 125 ಮಿ.ಮೀ. ಗೋಡೆ ಇರಬೇಕು. ಸೈಡ್ ಮೋಟಾರ್ ಹಾಕುವ ಬದಿಗೆ ಇನ್ನೂ ಹೆಚ್ಚು ಬೇಕಾದ್ದರಿಂದ ಮೋಟಾರಿನ ಡ್ರಾಯಿಂಗ್ ಕೇಳಿ ಪಡೆಯಿರಿ. 30×40 ಮನೆಗಳಲ್ಲಿ ತೊಡಕು ಇಲ್ಲೇ. ಪಾರ್ಕಿಂಗಿನ ಒಂದು ಕಡೆ ಕಾಂಪೌಂಡ್, ಇನ್ನೊಂದು ಕಡೆ ಹಾಲ್‌ನ ಗೋಡೆ. ಒಳ ಅಗಲವೇ ಓಪನಿಂಗಿನ ಅಗಲ, ಪಕ್ಕದಲ್ಲಿ ಗೋಡೆಯೇ ಇಲ್ಲ. ಆಗ ಪಟ್ಟಿಗಳ ತುದಿ ಓಡುವ ಗೈಡ್ ಚಾನೆಲ್‌ಗಳು ಓಪನಿಂಗಿನೊಳಕ್ಕೇ ಬರುತ್ತವೆ. ಹತ್ತಡಿ ಎಂದರೆ 3048. ಪ್ಲಾಸ್ಟರ್ ಬದಿಗೆ 15ರಂತೆ ಹೋದರೆ 3018. ಚಾನೆಲ್ ಬದಿಗೆ 75ರಂತೆ ಹೋದರೆ 2868. ಹತ್ತಡಿ ಎಂದುಕೊಂಡದ್ದು ಒಂಬತ್ತು ಅಡಿ ಐದು ಇಂಚಾಯಿತು.

ಬೀಮಿನ ಹಿಂದೆ ಜಾಗವಿಲ್ಲವೆಂದು ಸುರುಳಿಯನ್ನು ಬೀಮಿನ ಕೆಳಗೆ ತೂಗುಹಾಕಿದರೆ ಎತ್ತರವೂ ಹೋಗುತ್ತದೆ. ಎಂಟಡಿ, ಅಂದರೆ 2438ರಲ್ಲಿ ಸುರುಳಿಗೆ 380 ಕಳೆದರೆ 2058. ಶಟರ್ ಪೂರ್ತಿ ಒಳಗೆ ಹೋಗದೆ ಬಾಟಮ್ ಪ್ಲೇಟ್ ಮತ್ತು ಹಿಡಿ 75–100 ಮಿ.ಮೀ. ಕೆಳಗೆ ನೇತಾಡುತ್ತವೆ. ಉಳಿದದ್ದು 1960 ಆಸುಪಾಸು. ಎತ್ತರದ ಎಸ್‌ಯುವಿ ರ್‍ಯಾಂಪ್ ಏರಿ ಬರುವ ಮನೆಗೆ ಇದು ಆಗದು. ಸುರುಳಿಯನ್ನು ಹೊರಗೆ ಕೂರಿಸುವುದು ಮೂರನೆಯ ದಾರಿ. ಮಳೆ ನೇರವಾಗಿ ಹುಡ್ ಮೇಲೆ ಬೀಳುತ್ತದೆ. ಗೋಡೆ ಸೈಟಿನ ಗಡಿಯಲ್ಲೇ ಇದ್ದರೆ ಹುಡ್ ರಸ್ತೆಯ ಜಾಗಕ್ಕೆ ಚಾಚುತ್ತದೆ. ಸೆಟ್‌ಬ್ಯಾಕ್ (ಗಡಿಯಿಂದ ಒಳಕ್ಕೆ ಬಿಟ್ಟ ಖಾಲಿ ಜಾಗ) ಒಳಗೆ ಕೂರುವ ಬಾಗಿಲಾದರೆ ಮಾತ್ರ ಇದನ್ನು ಯೋಚಿಸಿ.

ಲೋಹದ ರೋಲಿಂಗ್ ಶಟರಿಗೆ ಭಾರತೀಯ ಮಾನಕವಿದೆ, ಐಎಸ್ 6248. ಸರ್ಕಾರಿ ಕಟ್ಟಡ ಕಾಮಗಾರಿಗಳಲ್ಲಿ ಪಾಲಿಸುವ ಲೆಕ್ಕವನ್ನು ಮನೆಗೂ ಹಿಡಿಯಬಹುದು: 3.5 ಮೀಟರ್ ಅಗಲದವರೆಗೆ ಪಟ್ಟಿ 0.9 ಮಿ.ಮೀ. ದಪ್ಪ, ಚಾನೆಲ್ 65 ಮಿ.ಮೀ. ಆಳ, ಅದು ದಾಟಿದರೆ ಪಟ್ಟಿ 1.2, ಚಾನೆಲ್ 75. ಅಂಗಡಿಯ ಮಾತಿನಲ್ಲಿ 0.9 ಎಂದರೆ 20 ಗೇಜ್, 1.2 ಎಂದರೆ 18 ಗೇಜ್. 18 ಎಂದು ಬರೆದು 20 ಕೊಡುವುದು ಹೊಸತೇನಲ್ಲ, ಬಣ್ಣ ಬಳಿದ ಮೇಲೆ ಕಣ್ಣಿಗೆ ಗೊತ್ತಾಗುವುದಿಲ್ಲ. ಸಾಮಾನು ಬಂದಾಗ ಪಟ್ಟಿಯ ತುದಿಗೆ ದಪ್ಪ ಅಳೆಯುವ ವರ್ನಿಯರ್ ಹಿಡಿಯಿರಿ. ಹತ್ತಡಿ ಅಗಲ ಎಂಟಡಿ ಎತ್ತರದ 18 ಗೇಜ್ ಶಟರ್ ನೂರು ಕೆ.ಜಿ. ಆಸುಪಾಸು ತೂಗುತ್ತದೆ. ಸ್ಪ್ರಿಂಗ್ ಬಿಗಿ ಸರಿಯಿದ್ದರೆ ಒಬ್ಬರೇ ಎತ್ತಬಹುದು, ಮನೆಯಲ್ಲಿ ವಯಸ್ಸಾದವರಿದ್ದರೆ ಗೇರ್ ಅಥವಾ ಮೋಟಾರ್ ಬೇಕೇ ಬೇಕು.

ದರ ಹೋಲಿಸುವಾಗ ಒಂದು ಎಚ್ಚರ. ಚದರಡಿ ದರ ಕಡಿಮೆ ಹೇಳುವ ಅಂಗಡಿ ಯಾವ ಚದರಡಿಯನ್ನು ಎಣಿಸುತ್ತಿದೆ? ಓಪನಿಂಗ್ 10×8 ಎಂದರೆ 80 ಚದರಡಿ. ಚಾನೆಲ್ ಒಳಗೆ ಹೋಗುವ ಪಟ್ಟಿಗೆ ಆರು ಇಂಚು, ಸುರುಳಿಗೆ ಒಂದೂವರೆ ಅಡಿ ಸೇರಿಸಿದರೆ 10.5×9.5, ಅಂದರೆ 99.75. ಕಾಲುಭಾಗ ಹೆಚ್ಚು. ಹುಡ್ ಕವರ್, ಮೋಟಾರ್, ಅಳವಡಿಕೆ ಎಲ್ಲ ಸೇರಿದ ಒಟ್ಟು ಮೊತ್ತವನ್ನೇ ಪಕ್ಕಪಕ್ಕ ಇಟ್ಟು ನೋಡಿ.

ಸೆಕ್ಷನಲ್ ಡೋರ್: ಸೀಲಿಂಗ್ ಖಾಲಿಯಿದ್ದವರಿಗೆ

ಅಡ್ಡ ಪ್ಯಾನೆಲ್‌ಗಳು ಟ್ರ್ಯಾಕಿನಲ್ಲಿ ಏರಿ ಸೀಲಿಂಗಿನ ಕೆಳಗೆ ಮಲಗುವ ಬಾಗಿಲು ಇದು. ನೋಟಕ್ಕೆ ಚೆಂದ, ಸದ್ದು ಕಡಿಮೆ, ಸಂದುಗಳಿಗೆಲ್ಲ ರಬ್ಬರ್ ಸೀಲ್ ಇರುವುದರಿಂದ ಧೂಳು ತಡೆಯುತ್ತದೆ. ಬೆಲೆ ಶಟರಿಗಿಂತ ಎಷ್ಟೋ ಪಟ್ಟು. ಪಾರ್ಕಿಂಗಿನ ಇನ್ನೊಂದು ಬದಿ ಗ್ರಿಲ್ ಹಾಕಿ ತೆರೆದೇ ಇದ್ದರೆ ಇನ್ಸುಲೇಟೆಡ್ ಪ್ಯಾನೆಲ್‌ಗೆ ಕೊಟ್ಟ ದುಡ್ಡಿಗೆ ಅರ್ಥವಿಲ್ಲ.

ಬೀಮಿನ ಕೆಳಭಾಗದಿಂದ ಸೀಲಿಂಗಿಗೆ ಬೇಕಾದ ಜಾಗ ಸಾಮಾನ್ಯ ಜೋಡಣೆಗೆ 300–400 ಮಿ.ಮೀ., ಮೇಲೆ ಜಾಗ ಕಡಿಮೆಯಿದ್ದಲ್ಲಿ ಹಾಕುವ ಜೋಡಿ ಟ್ರ್ಯಾಕಿನ ಲೋ ಹೆಡ್‌ರೂಮ್ ಜೋಡಣೆಗೆ 150–200ರ ಆಸುಪಾಸು. ಮೋಟಾರಿಗೆ ಇದರ ಮೇಲೆ ಸ್ವಲ್ಪ. ಪಕ್ಕದಲ್ಲಿ ಬದಿಗೆ ನೂರು ಮಿ.ಮೀ. ಒಳಗಿನ ಉದ್ದ, ಕೈಯಿಂದ ಎತ್ತುವುದಾದರೆ ಬಾಗಿಲಿನ ಎತ್ತರಕ್ಕೆ 450 ಸೇರಿಸಿ. ಮೋಟಾರ್ ರೈಲ್ ಇದ್ದರೆ ಸುಮಾರು 1200 ಸೇರಿಸಿ. 2400 ಎತ್ತರದ ಬಾಗಿಲಿಗೆ 3600 ಆಯಿತು. ಹದಿನೆಂಟಡಿ ಪಾರ್ಕಿಂಗಿನಲ್ಲಿ, ಅಂದರೆ 5486ರಲ್ಲಿ ಇದು ಸಲೀಸು. ಆದರೆ ಈ 3600ರೊಳಗೆ ಸೀಲಿಂಗಿನಲ್ಲಿ ಏನೇನಿದೆ? ನಡುವೆ ಇಳಿದ ಅಡ್ಡ ಬೀಮ್, ಮಹಡಿಯ ಬಾತ್‌ರೂಮಿನ ಸಂಕನ್ (ಪೈಪಿಗಾಗಿ ತಗ್ಗಿಸಿದ) ಸ್ಲ್ಯಾಬ್, ಅದರಿಂದ ಇಳಿದ ಪಿವಿಸಿ ಪೈಪು, ಟ್ಯೂಬ್‌ಲೈಟ್. ಓಪನಿಂಗಿನ ಬೀಮ್ ಮೇಲಿನ ಜಾಗವನ್ನಷ್ಟೇ ಅಳೆದು ಒಳಗಿನ ಪೈಪನ್ನು ನೋಡದೆ ಆರ್ಡರ್ ಕೊಟ್ಟರೆ, ಟ್ರ್ಯಾಕ್ ಕೂರಿಸುವ ದಿನ ಪ್ಲಂಬರನ್ನು ಹುಡುಕಬೇಕಾಗುತ್ತದೆ.

ಇನ್ನೊಂದು ತೊಡಕು ಕಂಬ ಮತ್ತು ಗೋಡೆಯ ದಪ್ಪ. ಕಂಬ ಒಂಬತ್ತು ಇಂಚು, ಬ್ಲಾಕ್ ಗೋಡೆ ಆರು ಅಥವಾ ನಾಲ್ಕು ಇಂಚು. ಗೋಡೆಯನ್ನು ಹೊರಗಡೆ ಸಮ ಮಾಡಿ ಕಟ್ಟಿದ್ದರೆ ಒಳಮೈಯಲ್ಲಿ ಮೂರರಿಂದ ಐದು ಇಂಚಿನ ಮೆಟ್ಟಿಲು ಉಳಿದಿರುತ್ತದೆ. ಸೆಕ್ಷನಲ್ ಬಾಗಿಲಿನ ಟ್ರ್ಯಾಕ್ ಮತ್ತು ಸೀಲ್ ಕೂರಲು ಎರಡೂ ಬದಿ ಮತ್ತು ಬೀಮಿನ ಒಳಮೈ ಒಂದೇ ಸಮತಲದಲ್ಲಿರಬೇಕು. ಅಲ್ಯೂಮಿನಿಯಂ ಪೈಪನ್ನು ಅಡ್ಡ ಹಿಡಿದು ನೋಡಿದರೆ ಈ ಮೆಟ್ಟಿಲು ಎಷ್ಟೆಂದು ತಿಳಿಯುತ್ತದೆ. ಕಬ್ಬಿಣದ ಚೌಕ ಪೈಪಿನ ಫ್ರೇಮ್ ಮಾಡಿಸಿ ಸಮ ಮಾಡಬಹುದು, ಆ ಖರ್ಚು ಕಂಪನಿಯ ಕೊಟೇಷನ್‌ನಲ್ಲಿ ಇರುವುದಿಲ್ಲ.

ಈ ಬಾಗಿಲಿನ ಸ್ಪ್ರಿಂಗ್ ಅದರ ತೂಕಕ್ಕೇ ಲೆಕ್ಕ ಹಾಕಿ ಬರುತ್ತದೆ. ಆಮೇಲೆ ಅಂದಕ್ಕೆಂದು ಮರದ ಹಲಗೆಯನ್ನೋ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್) ಶೀಟನ್ನೋ ಅಂಟಿಸಿದರೆ ಬಾಗಿಲು ಅರ್ಧದಲ್ಲಿ ನಿಲ್ಲದೆ ಕುಸಿಯುತ್ತದೆ, ಮೋಟಾರ್ ಬೇಗ ಸೋಲುತ್ತದೆ. ಹೊದಿಕೆ ಬೇಕಿದ್ದರೆ ಆರ್ಡರ್ ಮಾಡುವಾಗಲೇ ಹೇಳಿ.

ಗೋಡೆಯ ಗಟ್ಟಿತನ

ಶಟರಾಗಲಿ ಸೆಕ್ಷನಲ್ ಆಗಲಿ ಭಾರವೆಲ್ಲ ಪಕ್ಕದ ಗೋಡೆಗೆ. ಆರ್‌ಸಿಸಿ ಕಂಬ ಅಥವಾ ಸಾಲಿಡ್ ಬ್ಲಾಕ್ ಆದರೆ ಆ್ಯಂಕರ್ ಬೋಲ್ಟ್ ಹಿಡಿಯುತ್ತದೆ. ಹಾಲೋ ಬ್ಲಾಕಿನಲ್ಲಿ ಬೋಲ್ಟ್ ಟೊಳ್ಳಿಗೆ ಹೋಗುತ್ತದೆ, ಹಗುರ ಎಎಸಿ ಬ್ಲಾಕಿನಲ್ಲಿ ಶಟರ್ ಅಲುಗಾಡಿದಂತೆಲ್ಲ ತೂತು ಸಡಿಲವಾಗುತ್ತದೆ. ಅಂಥ ಕಡೆ ನೆಲದಿಂದ ಬೀಮಿನವರೆಗೆ ಕಬ್ಬಿಣದ ಪೈಪ್ ನಿಲ್ಲಿಸಿ, ಎರಡು ತುದಿ ಕಾಂಕ್ರೀಟಿಗೆ ಹಿಡಿಸಿ, ಬಾಗಿಲನ್ನು ಆ ಪೈಪಿಗೆ ಕೂರಿಸಬೇಕು. ಪೈಪಿನ ಅಗಲವನ್ನು ಓಪನಿಂಗಿನಿಂದ ಕಳೆಯಿರಿ.

ಸ್ಲೈಡಿಂಗ್ ಗೇಟ್ ಮತ್ತು ಕದ ತೆರೆಯುವ ಗೇಟ್

ಮೇಲೆ ಏನೂ ಜಾಗವಿಲ್ಲ ಎಂದಾದರೆ ದೃಷ್ಟಿಯನ್ನು ಪಕ್ಕಕ್ಕೆ ಹಾಯಿಸಬೇಕು. ಒಂದೇ ಕದದ ಸ್ಲೈಡಿಂಗ್ ಗೇಟಿಗೆ ಓಪನಿಂಗಿನ ಅಗಲದಷ್ಟು ಗೋಡೆ, ಜೊತೆಗೆ ಒಂದೂವರೆ ಅಡಿ ಬೇಕು. ಹತ್ತಡಿಗೆ ಹನ್ನೊಂದೂವರೆ. ಅಷ್ಟಿಲ್ಲದಿದ್ದರೆ ಒಂದರ ಹಿಂದೆ ಒಂದು ಸರಿಯುವ ಟೆಲಿಸ್ಕೋಪಿಕ್ ಗೇಟಿಗೆ ಆರೂವರೆ, ಏಳಡಿ ಸಾಕು, ಆದರೆ ಎರಡು ಟ್ರ್ಯಾಕ್, ಎರಡು ಪಟ್ಟು ಕಸ. ಕದ ಸರಿದು ಹೋಗುವ ಗೋಡೆಯ ಮೇಲೆ ಮೀಟರ್ ಬೋರ್ಡ್, ನಲ್ಲಿ, ಟಪಾಲು ಡಬ್ಬಿ ಇರಬಾರದು.

ಟ್ರ್ಯಾಕ್ ಉದ್ದಕ್ಕೂ ನೆಲ ಮಟ್ಟವಾಗಿರಬೇಕು. ಹತ್ತಡಿಯ ಶೀಟ್ ಗೇಟ್ ಸುಲಭವಾಗಿ 150 ಕೆ.ಜಿ. ದಾಟುತ್ತದೆ; ಸ್ವಲ್ಪ ಇಳಿಜಾರಿದ್ದರೂ ತಾನಾಗಿ ಉರುಳಿ ಬೆರಳು ಜಜ್ಜೀತು. ಎರಡೂ ತುದಿಗೆ ಗಟ್ಟಿ ಸ್ಟಾಪರ್ ಇಲ್ಲದೆ ಗೇಟ್ ಒಪ್ಪಿಕೊಳ್ಳಬೇಡಿ, ಸ್ಟಾಪರ್ ಇಲ್ಲದ ಗೇಟ್ ಟ್ರ್ಯಾಕ್ ತಪ್ಪಿ ಮಗುವಿನ ಮೇಲೆ ಬಿದ್ದೀತು.

ಎರಡು ಕದದ ಗೇಟ್ ಅಗ್ಗ, ಕೆಡುವಂಥದ್ದು ಕಡಿಮೆ. ಅದು ಕೇಳುವುದು ಒಳಗಿನ ಜಾಗ. ಹೊರಗೆ ತೆರೆದರೆ ಫುಟ್‌ಪಾತಿನಲ್ಲಿ ನಡೆಯುವವರಿಗೆ ಬಡಿಯುತ್ತದೆ, ಅದು ಬೇಡ. 5486ರ ಪಾರ್ಕಿಂಗಿನಲ್ಲಿ 4735 ಉದ್ದದ ಇನ್ನೋವಾ ಕ್ರಿಸ್ಟಾ ನಿಂತರೆ ಉಳಿಯುವುದು 751 ಮಿ.ಮೀ. ಐದಡಿಯ ಕದ ಒಳಗೆ ತಿರುಗದು. ನಾಲ್ಕು ಮಡಿಕೆಯ ಗೇಟಿನ ಒಂದೊಂದು ಮಡಿಕೆಯೂ ಸುಮಾರು 750. ಕಾಗದದ ಮೇಲೆ ಹೊಂದುತ್ತದೆ, ದಿನಾ ಬಂಪರಿಗೆ ಉಜ್ಜುತ್ತದೆ. ಸ್ವಿಫ್ಟ್‌ನಂಥ ನಾಲ್ಕು ಮೀಟರಿನೊಳಗಿನ ಕಾರಿಗಾದರೆ ಮಡಿಕೆ ಗೇಟ್ ಒಳ್ಳೆಯ ಆಯ್ಕೆಯೇ. ಒಳನೆಲ ಮೇಲಕ್ಕೆ ಏರಿದ್ದರೆ ಕದದ ತುದಿ ತಿರುಗುವ ಕಡೆ ನೆಲ ಎಷ್ಟು ಏರಿದೆಯೆಂದು ಅಳೆದು, ಅದಕ್ಕಿಂತ ಹೆಚ್ಚು ಸಂದು ಕೆಳಗೆ ಬಿಡಬೇಕು. ನೆಲಕ್ಕೆ ಇಳಿಯುವ ಬೋಲ್ಟಿಗೆ ತೂತು ಕೊರೆಯುವ ಮೊದಲು ಕೆಳಗೆ ಸಂಪ್ ಇದೆಯೇ ನೋಡಿ. ಬೆಂಗಳೂರಿನ ಪಾರ್ಕಿಂಗಿನ ಅಡಿಯಲ್ಲಿ ಅದು ಇರುವುದೇ ಹೆಚ್ಚು.

ಕರಾವಳಿಯಲ್ಲಿ ಲೆಕ್ಕ ಬೇರೆ. ಮಂಗಳೂರು, ಉಡುಪಿಯ ಉಪ್ಪುಗಾಳಿಗೆ ಜಿಐ (ಸತುವಿನ ಲೇಪದ ಕಬ್ಬಿಣ) ಪಟ್ಟಿಯ ಮಡಿಕೆಗಳೂ ಟ್ರ್ಯಾಕಿನ ಬೇರಿಂಗೂ ಬೇಗ ತುಕ್ಕು ಹಿಡಿಯುತ್ತವೆ. ಅಲ್ಲಿ ಅಲ್ಯೂಮಿನಿಯಂ ಪಟ್ಟಿಯ ಶಟರಿಗೆ ಹೆಚ್ಚು ಕೊಟ್ಟದ್ದು ದಂಡವಲ್ಲ.

ಆರ್ಡರ್ ಚೀಟಿಯಲ್ಲಿ ಇರಬೇಕಾದದ್ದು

ಪ್ಲಾಸ್ಟರ್, ಟೈಲ್ಸ್ ಆದ ಮೇಲಿನ ಅಗಲ ಮೂರು, ಎತ್ತರ ಮೂರು, ಕರ್ಣ ಎರಡು. ಮೇಲಿನ ಜಾಗ, ಎಡ ಬಲದ ಜಾಗ, ಒಳಗಿನ ಉದ್ದ, ಸೀಲಿಂಗಿನ ಅಡೆತಡೆ ಬಾಗಿಲಿನಿಂದ ಎಷ್ಟು ದೂರ, ಎಷ್ಟು ಕೆಳಗೆ. ಗೋಡೆ ಯಾವುದರದು. ಇವುಗಳ ಜೊತೆಗೆ “ಇದು ಓಪನಿಂಗಿನ ಅಳತೆ, ಬಾಗಿಲಿನ ಅಳತೆಯಲ್ಲ” ಎಂಬ ಒಂದು ಸಾಲು. ಕಳೆಯುವ, ಕೂಡಿಸುವ ಕೆಲಸ ಮಾಡುವವರಿಗೇ ಬಿಡಿ. ನೀವೂ ಕಳೆದು ಅವರೂ ಕಳೆದರೆ ಬಾಗಿಲು ಎರಡು ಸಲ ಕುಗ್ಗುತ್ತದೆ. ಮೋಟಾರ್ ಎಡಕ್ಕೋ ಬಲಕ್ಕೋ ಎಂದು ಬರೆಯುವಾಗ ಒಳಗಿನಿಂದ ನೋಡಿದಂತೆಯೋ ಹೊರಗಿನಿಂದಲೋ ಎಂದೂ ಬರೆಯಿರಿ, ಪ್ಲಗ್ ಪಾಯಿಂಟ್ ಅದೇ ಬದಿಗೆ ಇರಲಿ. ವಿದ್ಯುತ್ ಮೀಟರ್ ಪಾರ್ಕಿಂಗಿನೊಳಗಿದ್ದರೆ ಓದಲು ಬರುವವರಿಗೆ ಕಾಣುವಂತೆ ತೂತಿನ ಪಟ್ಟಿ ಅಥವಾ ಗ್ರಿಲ್ ಶಟರ್ ಕೇಳಿ. ಮನೆಗೆ ಹೋಗಲು ಬೇರೆ ಬಾಗಿಲಿಲ್ಲವೆಂದಾದರೆ, ಕರೆಂಟ್ ಹೋದಾಗ ಹೊರಗಿನಿಂದ ಕೀ ಹಾಕಿ ಮೋಟಾರ್ ಬಿಡಿಸುವ ವ್ಯವಸ್ಥೆಯನ್ನು ಆರ್ಡರ್ ಜೊತೆಗೇ ಬರೆಸಿ. ಒಳಗಿರುವ ಸರಪಳಿ ಹೊರಗೆ ನಿಂತವರಿಗೆ ಸಿಗುವುದಿಲ್ಲ.